ಇಬ್ಬರ ಅಗಲದ ದಾರಿ

ಎಲೆಗುಂದಿಯ ಯೋಗಣ್ಣ ಯಾರಿಗಾದರೂ ಹೊಡೆಯುವ ಮೊದಲು ಕೈಗಡಿಯಾರ ಬಿಚ್ಚಿ ಅಂಗಿಯ ಜೇಬಿಗೆ ಹಾಕಿಕೊಳ್ಳುತ್ತಿದ್ದ. ಅದು ಅವನ ಅಪ್ಪ ಚನ್ನಪ್ಪನ ಗಡಿಯಾರ. ಅಪ್ಪನೂ ಹಾಗೆಯೇ ಮಾಡುತ್ತಿದ್ದ, ಹೆಚ್ಚಾಗಿ ಯೋಗಣ್ಣನಿಗೇ ಹೊಡೆಯುವ ಮೊದಲು. ಗಡಿಯಾರ ನೋಡಿ ಗಂಟೆ ಹೇಳಲು ಕಲಿಯುವ ಮುಂಚೆಯೇ ಅದರ ಪಟ್ಟಿ ಮಣಿಕಟ್ಟಿನಿಂದ ಕಳಚುವಾಗಿನ ಸಣ್ಣ ಸದ್ದು ಹುಡುಗನಿಗೆ ಗೊತ್ತಾಗಿತ್ತು. ಆ ಸದ್ದು ಕೇಳಿದರೆ ಓಡಬೇಕು. ಅಪ್ಪ ಸತ್ತ ಮೇಲೆ ಗಡಿಯಾರ ಮಗನ ಕೈಗೆ ಬಂತು, ಅದರ ಜೊತೆಗೆ ಈ ಅಭ್ಯಾಸವೂ ಬಂತು. ಊರಿನವರು ಅವನ ಮುಖಕ್ಕಿಂತ ಮಣಿಕಟ್ಟನ್ನೇ ಹೆಚ್ಚು ನೋಡಿಕೊಂಡು ಮಾತಾಡುತ್ತಿದ್ದರು. ಬಲಗೈ ಗಡಿಯಾರದ ಕಡೆಗೆ ಹೋಯಿತೆಂದರೆ ನಗುತ್ತಿದ್ದವರ ನಗು ಅಲ್ಲಿಗೇ ನಿಲ್ಲುತ್ತಿತ್ತು.

ಹೊಡೆದ ಕತೆಗಳು ಬೇಕಾದಷ್ಟಿವೆ. ಕಬಡ್ಡಿ ಆಡುವಾಗ ಎದುರು ತಂಡದವನ ಮಂಡಿ ಮುರಿದ. ದುದ್ದದ ಸಂತೆಯಲ್ಲಿ ಎಮ್ಮೆಯ ಹಲ್ಲು ನೋಡಿ ಸುಳ್ಳು ವಯಸ್ಸು ಹೇಳಿದ ದಲ್ಲಾಳಿಯ ಹಲ್ಲನ್ನೇ ಉದುರಿಸಿದ. ಆಮೇಲೆ ಅವನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಡಾಕ್ಟರ ಹತ್ತಿರ ಕರೆದುಕೊಂಡು ಹೋದವನೂ ಅವನೇ. ಹೊಡೆದಾದ ಮೇಲೆ ಯೋಗಣ್ಣನ ಸಿಟ್ಟು ಎಲ್ಲಿಗೆ ಹೋಗುತ್ತಿತ್ತೋ ಅವನಿಗೇ ತಿಳಿಯುತ್ತಿರಲಿಲ್ಲ.

ಯಾರ ಮೇಲೂ ಕೈ ಮಾಡದೆ ಅವನು ಕಳೆದ ಕಾಲವೆಂದರೆ ಗೊರೂರು ಹಿನ್ನೀರಿನ ಬಳಿಯ ಒಂದು ರೆಸಾರ್ಟಿನಲ್ಲಿ ಬ್ಯಾಟರಿ ಗಾಡಿ ಓಡಿಸಿದ ಕಾಲ ಮಾತ್ರ. ಗಾಲ್ಫ್ ಆಡುವವರಿಗೆಂದು ಮಾಡಿದ ಗಾಡಿ ಅದು. ಅಲ್ಲಿ ಗಾಲ್ಫೂ ಇರಲಿಲ್ಲ, ಆಡುವಷ್ಟು ಬಯಲೂ ಇರಲಿಲ್ಲ. ಗೇಟಿನಿಂದ ಕೋಣೆಗೆ, ಕೋಣೆಯಿಂದ ಊಟದ ಮನೆಗೆ ಅತಿಥಿಗಳನ್ನು ಕರೆದೊಯ್ಯುವುದು, ಪೆಟ್ಟಿಗೆ ಇಳಿಸುವುದು, ಟೋಪಿ ಮುಟ್ಟಿ ನಮಸ್ಕಾರ ಹೇಳುವುದು. ಗಾಡಿಗೆ ಸದ್ದಿರಲಿಲ್ಲ. ಸದ್ದಿಲ್ಲದ ಗಾಡಿಯ ಮೇಲೆ ಕೂತರೆ ತಲೆಯೊಳಗಿನ ಗಲಾಟೆಯೂ ಕಡಿಮೆಯಾಗುತ್ತದೆ ಎಂದು ಒಮ್ಮೆ ಹೆಂಡತಿ ರೂಪಶ್ರೀಗೆ ಹೇಳಿದ್ದ. ಕೊನೆಗೆ ಒಂದು ಸಂಜೆ ಕುಡಿದ ಅತಿಥಿಯೊಬ್ಬ ಹಿಂದಿನ ಸೀಟಿನಿಂದ ಅವನ ಹೆಗಲ ಮೇಲೆ ಬೂಟುಗಾಲಿಟ್ಟು, ಎತ್ತಿಗೆ ಹೇಳುವ ಹಾಗೆ ಹೇಯ್ ಎಂದ. ಯೋಗಣ್ಣ ಗಾಡಿಯನ್ನು ನೆರಳಿಗೆ ನಿಲ್ಲಿಸಿ, ಗಡಿಯಾರ ಬಿಚ್ಚಿದ. ಮೂಗಿನ ಮೂಳೆ ಮುರಿದ ಸದ್ದು ಊಟದ ಮನೆಯವರೆಗೂ ಕೇಳಿಸಿತಂತೆ. ಮರುದಿನ ಅವನು ಎಲೆಗುಂದಿಯಲ್ಲಿದ್ದ.

ಊರಿನಲ್ಲಿ ಅವನಿಗಿದ್ದದ್ದು ಹಳ್ಳದ ಪಕ್ಕದ ತೆಂಗಿನ ತೋಟ. ತಾತನ ಕಾಲದಲ್ಲಿ ಅದು ಒಂದೇ ತೋಟ. ಪಾಲಾದಾಗ ರಸ್ತೆಗೆ ಹತ್ತಿದ ಮೇಲಿನ ಭಾಗ ದೊಡ್ಡಪ್ಪನಿಗೂ ಹಳ್ಳಕ್ಕಿಳಿದ ಕೆಳಗಿನ ಭಾಗ ಚನ್ನಪ್ಪನಿಗೂ ಬಂತು. ಕೆಳಗಿನ ತೋಟಕ್ಕೆ ಹೋಗುವ ಬಂಡಿದಾರಿ ಮೇಲಿನ ತೋಟದೊಳಗೇ ಹಾದು ಹೋಗುತ್ತಿತ್ತು. ಅಣ್ಣತಮ್ಮಂದಿರು ಬದುಕಿರುವವರೆಗೂ ಅದು ಯಾರದೆಂದು ಯಾರೂ ಕೇಳಲಿಲ್ಲ.

ದೊಡ್ಡಪ್ಪನ ಮಗ ದೇವರಾಜ್. ಯೋಗಣ್ಣನಿಗಿಂತ ತುಸು ದೊಡ್ಡವನು. ಒಂದು ಸಲ ಚನ್ನಪ್ಪ ಸಿಟ್ಟಿನಲ್ಲಿ ಮಗನ ಸೊಂಟಕ್ಕೆ ಹಗ್ಗ ಬಿಗಿದು ಬಾವಿಗೆ ಇಳಿಬಿಟ್ಟು, ಹಗ್ಗವನ್ನು ತೆಂಗಿನ ಮರಕ್ಕೆ ಕಟ್ಟಿ ಹೊರಟುಹೋಗಿದ್ದ. ಎದೆಮಟ್ಟದ ನೀರಿನಲ್ಲಿ ತೂಗಾಡುತ್ತಿದ್ದ ಹುಡುಗನನ್ನು ಮೇಲಕ್ಕೆಳೆದವನು ದೇವರಾಜ್. ಎಳೆದು ಅವನ ಅಂಗೈಯ ಚರ್ಮವೆಲ್ಲ ಸುಲಿದಿತ್ತು. ಮೇಲೆ ಬಂದ ಯೋಗಣ್ಣ ಅವನಿಗೆ ಒಂದು ಗುದ್ದು ಕೊಟ್ಟ, ಇಷ್ಟು ಹೊತ್ತು ಎಲ್ಲಿ ಸತ್ತಿದ್ದೆ ಅಂತ. ದೇವರಾಜ್ ತಿರುಗಿಸಿ ಕೊಟ್ಟ. ಇಬ್ಬರೂ ಬಾವಿಕಟ್ಟೆಯ ಮೇಲೆ ಕೂತು ಅತ್ತರು.

ಅಂಥ ದೇವರಾಜ್ ತನ್ನ ಅಪ್ಪ ತೀರಿಕೊಂಡ ವರ್ಷವೇ ಬಂಡಿದಾರಿಗೆ ಕಲ್ಲುಕಂಬ ನೆಟ್ಟು ಮುಳ್ಳುತಂತಿ ಎಳೆದುಬಿಟ್ಟ. ಅವನಿಗೆ ಕೆಳಗಿನ ತೋಟವೂ ಬೇಕಿತ್ತು. ಹಳ್ಳದ ನೀರು ಅಲ್ಲಿತ್ತು. ನಕ್ಷೆಯಲ್ಲಿ ದಾರಿ ಇಲ್ಲ ಎಂದು ಸರ್ವೆಯವರು ಹೇಳಿದರು. ಯೋಗಣ್ಣ ಎರಡು ಕಂಬ ಕಿತ್ತ, ದೇವರಾಜನ ದವಡೆಗೆ ಬಿಟ್ಟ, ತಾನೂ ಹಾರೆಯ ಪೆಟ್ಟು ತಿಂದ. ಕೊನೆಗೆ ಊರ ಹಿರಿಯರು ತೋಟದಲ್ಲೇ ಸೇರಿದರು. ಮಾತು ಮುಗಿಸಿದವಳು ಮುದ್ದಮ್ಮ, ಇಬ್ಬರ ತಾತನ ತಂಗಿ, ದೇವರಾಜನ ಮನೆಯಲ್ಲೇ ಇದ್ದ ಮುದುಕಿ. ಎರಡು ಮನೆಗೂ ಅವಳ ಮಾತೆಂದರೆ ಮುಗಿಯಿತು.

ಬಂಡಿದಾರಿ ಇಲ್ಲದಿದ್ದರೂ ಕಾಲುದಾರಿ ಬಿಡಲೇಬೇಕು ಎಂದಳು ಅವಳು. ಎಷ್ಟು ಅಗಲ ಎಂದರೆ, ತಲೆಹೊರೆ ಹೊತ್ತು ಬರುವವನಿಗೆ ಎದುರಾದವನು ಓರೆಯಾಗಿ ನಿಂತು ದಾರಿ ಬಿಡುವಷ್ಟು. ಆ ಸೀಮೆಯಲ್ಲಿ ಹಿಂದಿನಿಂದ ಕಾಲುದಾರಿ ಅಳೆಯುತ್ತಿದ್ದದ್ದೇ ಹಾಗೆ. ಯೋಗಣ್ಣನ ತಲೆಯ ಮೇಲೆ ಕಾಯಿಚೀಲ ಹೊರಿಸಿ, ಎರಡೂ ಮೊಣಕೈ ಅಗಲಿಸಿ ನಿಲ್ಲಿಸಿದರು. ಅವನ ಪಕ್ಕಕ್ಕೆ ದೇವರಾಜನನ್ನು ಓರೆಯಾಗಿ ನಿಲ್ಲಿಸಿದರು. ಒಂದು ಕಡೆ ಯೋಗಣ್ಣನ ಮೊಣಕೈಗೆ ಒಂದು ಗೂಟ, ಇನ್ನೊಂದು ಕಡೆ ದೇವರಾಜನ ಬೆನ್ನಿಗೆ ಒಂದು ಗೂಟ. ಅಷ್ಟು ಹತ್ತಿರ ಇಬ್ಬರೂ ನಿಂತು ವರ್ಷಗಳೇ ಆಗಿದ್ದವು. ದೇವರಾಜನ ಉಸಿರಿನ ಎಲೆಅಡಿಕೆ ವಾಸನೆ ಯೋಗಣ್ಣನ ಕೆನ್ನೆಗೆ ಹೊಡೆಯುತ್ತಿತ್ತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಆ ಅಗಲಕ್ಕೇ ಮೇಲಿನಿಂದ ಕೆಳಗಿನ ತೋಟದವರೆಗೂ ಎರಡೂ ಬದಿಗೆ ಕಂಬ ನಿಂತವು, ತಂತಿ ಬಿಗಿಯಿತು.

ಆಮೇಲೆ ಕಾಯಿ ಕೆಳಗೇ ಉಳಿಯತೊಡಗಿತು. ಕಡಿದಾದ ಏರಿನಲ್ಲಿ ಹೊರೆ ಹೊತ್ತು ಹತ್ತಲು ಆಳುಗಳು ಒಪ್ಪಲಿಲ್ಲ. ಒಪ್ಪಿದ ಒಬ್ಬಿಬ್ಬರ ಪಂಚೆ, ತೋಳು ತಂತಿಗೆ ಹರಿದವು. ಎರಡು ಸಲದ ಕೊಯ್ಲು ಹಳ್ಳದ ಪಕ್ಕ ಗುಡ್ಡೆಯಾಗಿ ಬಿತ್ತು. ಕೆಲವು ಕಾಯಿ ಮೊಳಕೆ ಬಿಟ್ಟವು. ಒಂದು ಬೆಳಿಗ್ಗೆ ಹಾಲಿನ ಡೇರಿಯ ಮುಂದೆ, ಕ್ಯಾನು ಹಿಡಿದು ಸಾಲಿನಲ್ಲಿ ನಿಂತಿದ್ದವರೆಲ್ಲ ಕೇಳುವ ಹಾಗೆ ದೇವರಾಜ್ ಅಂದ:

"ಮೊಳಕೆ ಬಂದಿರೋ ಕಾಯಿ ಮಾರಿ ಸಸಿ ಯಾಪಾರ ಮಾಡ್ತೀಯೇನ್ಲಾ ಯೋಗ? ಅದ್ರ ಬದ್ಲು ತ್ವಾಟನೇ ನನ್ ಎಸ್ರಿಗೆ ಬರ್ದ್ಬುಡು. ದಾರಿ ಚಿಂತೆ ತಪ್ತದೆ."

ಯೋಗಣ್ಣ ಕ್ಯಾನು ಕೆಳಗಿಟ್ಟು ಗಡಿಯಾರ ಬಿಚ್ಚಿದ. ಬಿಚ್ಚುತ್ತಲೇ ಹೇಳಿದ, ವಿಜಯದಶಮಿಯೊಳಗೆ ಕೆಳಗಿರುವ ಕಾಯನ್ನೆಲ್ಲ ಇದೇ ದಾರಿಯಲ್ಲಿ ರಸ್ತೆಗೆ ತರುತ್ತೇನೆ, ಒಂದು ಕಾಯಿ ಉಳಿದರೂ ತೋಟ ನಿನ್ನದು ಎಂದು. ಹೇಳಿ ಮುಗಿಸಿ ಹೊಡೆದ. ಡೇರಿಯ ಮುಂದೆ ಹಾಲೂ ರಕ್ತವೂ ಒಂದೇ ಮೋರಿಗೆ ಹರಿದವು. ಬಿಡಿಸಲು ಬಂದವರಿಗೂ ಪೆಟ್ಟು ಬಿತ್ತು. ಆದರೆ ಆಡಿದ ಮಾತು ಮುದ್ದಮ್ಮನ ಕಿವಿಯವರೆಗೂ ಹೋಯಿತು. ಅವಳು ಇಬ್ಬರನ್ನೂ ಕರೆಸಿ ನಿಜವೇ ಎಂದು ಕೇಳಿದಾಗ ಯೋಗಣ್ಣನಿಗೆ ಇಲ್ಲವೆನ್ನಲು ಬಾಯಿ ಬರಲಿಲ್ಲ.

ಹೊರೆಯಲ್ಲಿ ಹೊತ್ತು ತೀರಿಸುವ ಗುಡ್ಡೆಯಲ್ಲ ಅದು ಎಂದು ರೂಪಶ್ರೀ ಹೇಳುತ್ತಲೇ ಇದ್ದಳು. ಅವನು ಹೊತ್ತು ನೋಡಿದ, ಬೆನ್ನು ಹಿಡಿದುಕೊಂಡು ಮಲಗಿದ. ಆ ಬೆನ್ನಿಗೆ ಎಣ್ಣೆ ತರಲು ಹಾಸನಕ್ಕೆ ಹೋದವನು ಗುಜರಿ ಅಂಗಡಿಯೊಂದರ ಮುಂದೆ ನಿಂತುಬಿಟ್ಟ. ಒಳಗೆ, ತುಕ್ಕು ಹಿಡಿದ ಬೀರುಗಳ ನಡುವೆ, ಅವನದೇ ಗಾಡಿ ನಿಂತಿತ್ತು. ಹೌದು, ಅವನದೇ. ಚಾಲಕನ ಸೀಟಿನಲ್ಲಿ ಅವನೇ ಹಾಕಿದ್ದ ಹೊಲಿಗೆ ಇತ್ತು. ರೆಸಾರ್ಟಿನವರು ಹಳೆಯ ಗಾಡಿಗಳನ್ನೆಲ್ಲ ತೂಕಕ್ಕೆ ಹಾಕಿದ್ದರು.

ಯೋಗಣ್ಣ ಗಾಡಿಯ ಮುಂದೆ ನಿಂತು ಎರಡೂ ಕೈ ತಲೆಯ ಮೇಲೆತ್ತಿ ಮೊಣಕೈ ಅಗಲಿಸಿದ. ಆಮೇಲೆ ಪಕ್ಕಕ್ಕೆ ಸರಿದು ಓರೆಯಾಗಿ ನಿಂತ. ಮತ್ತೆ ಮೊದಲಿನಂತೆ ನಿಂತ. ಗುಜರಿಯವನು ಇವನ್ಯಾರೋ ತಲೆ ಕೆಟ್ಟವನು ಎಂದುಕೊಂಡ. ಗಾಡಿ ಇಬ್ಬರ ಅಗಲಕ್ಕೆ ಒಂದು ಗೇಣು ಕಡಿಮೆ ಇತ್ತು. ಟ್ರ್ಯಾಕ್ಟರು ಹೋಗದ, ಆಟೋ ಹೋಗದ ದಾರಿಯಲ್ಲಿ ಇದು ಹೋಗುತ್ತದೆ.

ರೂಪಶ್ರೀ ಕಿವಿಯ ಓಲೆ ಬಿಚ್ಚಿಕೊಟ್ಟಳು. ಗಾಡಿ ಬಂತು. ಹಿಂದಿನ ಸೀಟು ಕಿತ್ತು ಕಾಯಿ ತುಂಬುವ ತೊಟ್ಟಿ ಕೂರಿಸಿದ. ತಗ್ಗಿನಲ್ಲಿ ಓಡಿತು, ಸಮದಲ್ಲಿ ಓಡಿತು. ಕಾಯಿ ತುಂಬಿ ಏರಿಗೆ ಹಚ್ಚಿದರೆ ಅರ್ಧಕ್ಕೆ ನಿಂತು ನಿಟ್ಟುಸಿರು ಬಿಟ್ಟು ಹಿಂದಕ್ಕೆ ಜಾರಿತು. ಮೇಲಿನಿಂದ ನೋಡುತ್ತಿದ್ದ ದೇವರಾಜ್ ಶಿಳ್ಳೆ ಹೊಡೆದ. ಅತಿಥಿಗಳನ್ನು ಸಿಮೆಂಟು ದಾರಿಯಲ್ಲಿ ತಿರುಗಿಸಲು ಮಾಡಿದ ಗಾಡಿಗೆ ಮಣ್ಣಿನ ಏರಿನಲ್ಲಿ ಕಾಯಿ ಹೊರುವ ಶಕ್ತಿ ಎಲ್ಲಿಂದ ಬರಬೇಕು?

ಚನ್ನರಾಯಪಟ್ಟಣದಲ್ಲಿ ಬ್ಯಾಟರಿ ಆಟೋ ರಿಪೇರಿ ಮಾಡುವ ಶಶಿಕಿರಣ್ ಅವನ ಹಳೆಯ ಗೆಳೆಯ, ಹೈಸ್ಕೂಲಿನಲ್ಲಿ ಒಂದೇ ಬೆಂಚು. ಇಬ್ಬರೂ ಸೇರಿ ಆ ಗಾಡಿಗೆ ಶಕ್ತಿ ತುಂಬಿದ ರೀತಿ ಹೇಳಿದರೆ ಕಂಪನಿಯವರು ನಗುತ್ತಾರೆ, ಇಲ್ಲವೇ ಕೇಸು ಹಾಕುತ್ತಾರೆ. ಹೊಸದು ಕೊಳ್ಳಲು ಕೈಯಲ್ಲಿ ಏನೂ ಇರಲಿಲ್ಲ. ಮೊದಲು ತೆಳು ವೈರುಗಳನ್ನೆಲ್ಲ ಕಿತ್ತು, ವೆಲ್ಡಿಂಗ್ ಶೆಡ್ಡಿನಲ್ಲಿ ಬಿದ್ದಿದ್ದ ದಪ್ಪ ತಾಮ್ರದ ಕೇಬಲ್ಲು ಹಾಕಿದರು. ಅಷ್ಟಕ್ಕೇ ಗಾಡಿ ಏರಿನಲ್ಲಿ ಇನ್ನೂ ನಾಲ್ಕು ತೆಂಗಿನ ಮರ ದಾಟಿ ಹತ್ತಿತು. ಆಮೇಲೆ ಮೂವತ್ತಾರು ವೋಲ್ಟಿನ ಬ್ಯಾಟರಿ ಸಾಲಿಗೆ ಅಪಘಾತದಲ್ಲಿ ಜಜ್ಜಿಹೋದ ಆಟೋದ ಒಂದು ಬ್ಯಾಟರಿ ಸೇರಿಸಿ ನಲವತ್ತೆಂಟು ಮಾಡಿದರು. ಹಳೆಯ ಕಂಟ್ರೋಲರ್ ತಾಳಲಿಲ್ಲ. ಯೋಗಣ್ಣ ಬಗ್ಗಿ ನೋಡುತ್ತಿರುವಾಗಲೇ ಢಂ ಎಂದು ಸಿಡಿದು ಅವನ ಒಂದು ಹುಬ್ಬು ಸುಟ್ಟಿತು. ಅವನು ಗಡಿಯಾರ ಬಿಚ್ಚಲು ಹೋದವನು ಯಾರಿಗೆ ಹೊಡೆಯುವುದೆಂದು ತಿಳಿಯದೆ ಸುಮ್ಮನಾದ. ಶಶಿಕಿರಣ್ ನೆಲದ ಮೇಲೆ ಬಿದ್ದು ನಕ್ಕ.

ಗುಜರಿಯಲ್ಲೇ ಇನ್ನೊಂದು ಗಾಡಿಯಿಂದ ದೊಡ್ಡ ಕಂಟ್ರೋಲರ್ ಕಿತ್ತು ತಂದರು. ಮೋಟಾರು ಕಾದಾಗ ತಂಪು ಮಾಡಲು ಕಾರಿನ ರೇಡಿಯೇಟರ್ ಫ್ಯಾನು ಕಟ್ಟಿದರು. ಈಗ ಗಾಡಿಗೆ ಬಂದ ಶಕ್ತಿ ಎಂಥದೆಂದರೆ, ಆಕ್ಸಿಲರೇಟರ್ ಮುಟ್ಟಿದರೆ ಸಾಕು, ಕಟ್ಟಿ ಹಾಕಿದ ಹೋರಿ ಬಿಟ್ಟ ಹಾಗೆ ಎರಡು ಮಾರು ಹಾರಿ ಮುಂದೆ ಬೀಳುತ್ತಿತ್ತು. ಮೆಲ್ಲಗೆ ಹೋಗುವುದು ಅದಕ್ಕೆ ಮರೆತೇಹೋಯಿತು.

ಶಶಿಕಿರಣನಿಗೆ ಸಮಾಧಾನವಿರಲಿಲ್ಲ. ಹಿಂದಿನ ಚಕ್ರಕ್ಕೆ ಮಾತ್ರ ಇದ್ದ ಸಣ್ಣ ಬ್ರೇಕು, ಹಳೆಯ ತಂತಿ. "ಹತ್ತೋಕೆ ಶಕ್ತಿ ಕೊಟ್ಟಿದೀವಿ ಕಣಯ್ಯಾ, ನಿಲ್ಲೋಕೆ ಕೊಟ್ಟಿಲ್ಲ. ಬ್ರೇಕ್ ಬದಲಾಯಿಸೋವರೆಗೂ ಏರಲ್ಲಿ ಲೋಡ್ ಇಟ್ಕೊಂಡು ಎಲ್ಲೂ ನಿಲ್ಲಿಸಬೇಡ. ಹತ್ತಿದ್ರೆ ಒಂದೇ ಉಸಿರಿಗೆ ಹತ್ತಿಬಿಡು," ಎಂದ. ಯೋಗಣ್ಣ ಹೂಂ ಎಂದ. ನಡುವೆ ನಿಲ್ಲಿಸುವ ಕೆಲಸ ತನಗೇನಿದೆ ಎಂದುಕೊಂಡ.

ಮೊದಲ ದಿನವೇ ಗಾಡಿ ಕಾಯಿ ಹೊತ್ತು ಏರು ಹತ್ತಿ ರಸ್ತೆಗೆ ಬಂತು. ಎರಡೂ ಬದಿಯ ಮುಳ್ಳುತಂತಿಗೆ ಅರ್ಧರ್ಧ ಗೇಣು ಬಿಟ್ಟು, ಸದ್ದಿಲ್ಲದೆ. ಡೇರಿಯ ಮುಂದಿನವರು ಎದ್ದು ನಿಂತು ನೋಡಿದರು. ದೇವರಾಜ್ ಈ ಸಲ ಶಿಳ್ಳೆ ಹೊಡೆಯಲಿಲ್ಲ. ಮಾರನೆಯ ಬೆಳಿಗ್ಗೆ ದಾರಿಯ ನಡುವೆ ಗುಂಡಿ ಇತ್ತು, ಮೇಲೆ ತೆಂಗಿನ ಸೋಗೆ ಮುಚ್ಚಿತ್ತು. ಖಾಲಿ ಗಾಡಿಯ ಮುಂಗಾಲಿ ಅದರೊಳಗೆ ಬಿದ್ದು ಯೋಗಣ್ಣನ ಎದೆ ಸ್ಟಿಯರಿಂಗಿಗೆ ಬಡಿಯಿತು. ಬಾಯಲ್ಲಿ ರಕ್ತ ಬಂತು. ಅವನು ಗಾಡಿ ಎತ್ತಿಸಿ ಗುಂಡಿ ಮುಚ್ಚಿದ. ಮೇಲಿನ ತುದಿಯಲ್ಲಿ, ದಾರಿಯ ಮಧ್ಯೆಯೇ ನಿಂತು ಬೀಡಿ ಹಚ್ಚುತ್ತಿದ್ದ ದೇವರಾಜನನ್ನು ಕಂಡ. ಆಕ್ಸಿಲರೇಟರ್ ತಳಮುಟ್ಟ ಒತ್ತಿದ.

ಸದ್ದಿಲ್ಲದ ಗಾಡಿ ಮೈಮೇಲೆ ಬಂದಾಗಲೇ ದೇವರಾಜನಿಗೆ ಗೊತ್ತಾದದ್ದು. ಸರಿಯಲು ಜಾಗ ಎಲ್ಲಿದೆ? ತಂತಿಯ ಮೇಲೆ ಹಾರಿದ. ತೊಡೆ ಮೊಣಕಾಲಿನಿಂದ ಮೇಲಿನವರೆಗೂ ಸೀಳಿತು. ಅದೇ ಸಂಜೆ ಅವನು ತೊಡೆಗೆ ಬಟ್ಟೆ ಸುತ್ತಿಕೊಂಡು, ಕುಂಟುತ್ತ, ಮಚ್ಚು ಹಿಡಿದು ಯೋಗಣ್ಣನ ಕೊಟ್ಟಿಗೆಗೆ ಬಂದ. ಬ್ಯಾಟರಿಗೆ ನೀರು ಹಾಕುತ್ತಿದ್ದ ಯೋಗಣ್ಣ ಎಡಗೈ ಅಡ್ಡ ಹಿಡಿದ. ಕಿರುಬೆರಳೂ ಅದರ ಪಕ್ಕದ್ದೂ ಬ್ಯಾಟರಿಯ ಮೇಲೆ ಬಿದ್ದವು. ರೂಪಶ್ರೀ ಕಿರುಚುವಷ್ಟರಲ್ಲಿ ಯೋಗಣ್ಣ ಬಲಗೈಯಿಂದ ಸ್ಪ್ಯಾನರ್ ಬೀಸಿ ದೇವರಾಜನ ಹೆಗಲಿನ ಮೂಳೆ ಮುರಿದಿದ್ದ. ಗಡಿಯಾರ ಬಿಚ್ಚಲು ಹೊತ್ತಿರಲಿಲ್ಲ. ಅದರ ಗಾಜಿನ ಮೇಲೆ ಒಂದು ಗೀರು ಉಳಿಯಿತು.

ಇಬ್ಬರನ್ನೂ ಹಾಸನದ ಆಸ್ಪತ್ರೆಯಲ್ಲಿ ಒಂದೇ ವಾರ್ಡಿಗೆ ಹಾಕಿದರು. ಅಲ್ಲೂ ಒಬ್ಬರಿಗೊಬ್ಬರು ಬೆನ್ನು ಹಾಕಿ ಮಲಗಿದರು. ಠಾಣೆಯಲ್ಲಿ ಮುದ್ದಮ್ಮ ಕೋಲೂರಿಕೊಂಡು ನಿಂತು ಇದು ನಮ್ಮ ಮನೆಯ ಜಗಳ ಎಂದು ರಾಜಿ ಮಾಡಿಸಿದಳು. ಯೋಗಣ್ಣ ಊರಿಗೆ ಬಂದಾಗ ಗೌರಿ ಹಬ್ಬ ಕಳೆದಿತ್ತು. ಗುಡ್ಡೆ ಹಾಗೇ ಇತ್ತು. ಗಾಯ ಮಾಯದ ಕೈಯಲ್ಲೇ ಗಾಡಿ ಓಡಿಸಿದ. ಕಾಯಿ ಮೇಲೆ ಬರತೊಡಗಿತು. ಹೆಗಲಿಗೆ ಪಟ್ಟಿ ಕಟ್ಟಿಕೊಂಡ ದೇವರಾಜ್ ತನ್ನ ಜಗಲಿಯ ಮೇಲೆ ಕೂತು ನೋಡುತ್ತಿದ್ದ. ಬ್ರೇಕಿನ ಕೆಲಸಕ್ಕೆ ಬಾ ಎಂದು ಶಶಿಕಿರಣ್ ಫೋನು ಮಾಡಿದರೆ, ವಿಜಯದಶಮಿ ಆಗಲಿ ಎನ್ನುತ್ತಿದ್ದ.

ಈ ಎರಡು ಮನೆಗಳೂ ಇನ್ನೂ ಕೂಡಿ ಮಾಡುತ್ತಿದ್ದದ್ದು ಆಯುಧಪೂಜೆ ಒಂದೇ. ಎರಡು ಮನೆಯ ಮಚ್ಚು, ಕುಡುಗೋಲು, ಹಾರೆ, ಗುದ್ದಲಿ, ನೇಗಿಲಿನ ಗುಳ ಎಲ್ಲವನ್ನೂ ತೊಳೆದು ದೇವರಾಜನ ಮನೆಯ ಜಗಲಿಯಲ್ಲಿ ಸಾಲಾಗಿ ಇಡುತ್ತಾರೆ. ಮುದ್ದಮ್ಮ ಕುಂಕುಮ ಹಚ್ಚಿ ಒಂದೊಂದರ ಮೇಲೂ ಸೇವಂತಿಗೆ ಇಡುತ್ತಾಳೆ. ಹೂವಿಟ್ಟ ಕಬ್ಬಿಣ ಅಂದು ಮಲಗಿರಬೇಕು. ಮಾರನೆಯ ದಿನ ಮನೆಯ ಹಿರಿಯರು ಹೂವಿಳಿಸಿ ಕೈಗೆ ಕೊಡುವ ತನಕ ಯಾರೂ ಮುಟ್ಟುವಂತಿಲ್ಲ. ಜಗಳ ಎಷ್ಟೇ ಇರಲಿ, ಆ ದಿನ ಎರಡು ಮನೆಯ ಕಬ್ಬಿಣವೂ ಒಂದೇ ಚಾಪೆಯ ಮೇಲೆ.

ಆ ವರ್ಷ ಮುದ್ದಮ್ಮ ಗಾಡಿಯನ್ನೂ ತರಿಸಿದಳು. "ಕಾಯಿ ವರೋದು ತಾನೆ ಅದು? ಬೆರಳು ಬೇರೆ ತಿಂದೈತೆ. ಅದೂ ಆಯುಧವೇ ಕಣ್ಲಾ, ತಂದು ನಿಲ್ಸು," ಎಂದಳು. ಯೋಗಣ್ಣನಿಗೆ ಒಳಗೊಳಗೇ ಹಿಗ್ಗು. ಗುಜರಿಯಿಂದ ಬಂದದ್ದಕ್ಕೆ ತಾತನ ನೇಗಿಲಿನ ಪಕ್ಕ ಜಾಗ ಸಿಕ್ಕಿತ್ತು. ಅಜ್ಜಿ ಅದರ ಮೂತಿಗೆ ಕುಂಕುಮ ಹಚ್ಚಿ ದೊಡ್ಡ ಹೂವಿಟ್ಟಳು. ಅವನ ಬೆರಳು ಕಡಿದ ಮಚ್ಚೂ ಅಲ್ಲೇ ಹೂ ಹೊತ್ತು ಮಲಗಿತ್ತು.

ಮಧ್ಯಾಹ್ನ ಊಟಕ್ಕೆ ಕೂರುವ ಹೊತ್ತಿಗೆ ಲಾರಿ ಬಂತು. ಕಾಯಿ ಕೊಳ್ಳುವ ಮಂಡಿಯ ಪರಮಶಿವಯ್ಯ ಫೋನಿನಲ್ಲಿ, ನಾಳೆಯಿಂದ ಡ್ರೈವರು ಸಿಗುವುದಿಲ್ಲ, ತುಂಬುವುದಾದರೆ ಇವತ್ತೇ, ಇಲ್ಲವಾದರೆ ಹಬ್ಬ ಮುಗಿದು ಎಲ್ಲರೂ ಬಂದ ಮೇಲೆ ಎಂದರು. ರಸ್ತೆಯ ಪಕ್ಕ ರಾಶಿ ಹಾಕಿದ್ದನ್ನು ತುಂಬಬಹುದಿತ್ತು. ಆದರೆ ಕೆಳಗೆ ಇನ್ನೂ ಕೊನೆಯ ನಾಲ್ಕೈದು ಗಾಡಿಯಷ್ಟು ಉಳಿದಿತ್ತು. ಅದನ್ನೂ ತಂದು ಲಾರಿ ಹತ್ತಿಸಿದರೆ ಮಾತು ಮುಗಿಯಿತು. ನಾಳೆ ಹೂವಿಳಿಸಿದ ಮೇಲೆ ತರಬಹುದಲ್ಲ ಎಂದು ರೂಪಶ್ರೀ ಹೇಳಿದಳು. ಯೋಗಣ್ಣ ಜಗಲಿಯ ಕಡೆ ನೋಡಿದ. ನಾಳೆ ಆ ಮಚ್ಚು ಮತ್ತೆ ದೇವರಾಜನ ಕೈಗೆ ಬರುತ್ತದೆ. ಇವತ್ತು ಬರುವುದಿಲ್ಲ. ಯಾರೂ ಕಬ್ಬಿಣ ಎತ್ತದ ದಿನ ವರ್ಷಕ್ಕೆ ಇದೊಂದೇ.

ಅವನು ಗಾಡಿಯ ಮೇಲಿನ ಹೂವನ್ನು ಎರಡೂ ಕೈಯಿಂದ ಎತ್ತಿ ಜಗಲಿಯ ಮೇಲಿಟ್ಟ.

"ಊವ ಅಜ್ಜಿ ಇಳಿಸ್ಬೇಕು ಕಣ್ರೀ," ಎಂದಳು ರೂಪಶ್ರೀ, ಸಣ್ಣ ದನಿಯಲ್ಲಿ.

"ಗಾಡಿ ಕಣೇ ಇದು. ಮಚ್ಚಲ್ಲ."

ಅವನು ಹಾಗೆಂದೇ ನಂಬಿದ್ದ. ಪೇಟೆಯಲ್ಲಿ ಜನ ಪೂಜೆ ಮಾಡಿ, ನಿಂಬೆಹಣ್ಣು ಹತ್ತಿಸಿ, ಅದೇ ದಿನ ಕಾರು ಬೈಕು ಓಡಿಸುವುದಿಲ್ಲವೇ? ಮುದ್ದಮ್ಮ ಒಳಗೆ ಮಲಗಿದ್ದಳು. ದೇವರಾಜ್ ಚನ್ನರಾಯಪಟ್ಟಣಕ್ಕೆ ಹೋಗಿದ್ದ. ಗಾಡಿ ಸದ್ದಿಲ್ಲದೆ ಅಂಗಳ ದಾಟಿತು.

ಹೊರೆ ಮೇಲೆ ಹೊರೆ ಬಂತು. ನಿಲ್ಲಿಸದೆ, ಒಂದೇ ಉಸಿರಿಗೆ. ಹಬ್ಬದ ಬಟ್ಟೆ ಹಾಕಿಕೊಂಡ ಜನ ರಸ್ತೆಯಲ್ಲಿ ನಿಂತು ನೋಡಿದರು. ಕೊನೆಯ ಹೊರೆಗೆ ಅವನು ಮೊಳಕೆ ಬಂದ ಕಾಯನ್ನೂ ಬಿಡದೆ ತುಂಬಿದ. ಒಂದು ಕಾಯಿ ಉಳಿದರೂ ಎಂದಿದ್ದನಲ್ಲ. ತೊಟ್ಟಿ ಮೀರಿ ಗೋಪುರವಾಗಿತ್ತು. ಗುಡ್ಡೆ ಇದ್ದ ಕಡೆ ಬರೀ ಒದ್ದೆ ಮಣ್ಣು, ಬಿಳಿಯ ಬೇರಿನ ಗುರುತು. ಅವನು ಗಾಡಿ ಹತ್ತಿದ.

ಏರಿನ ಮುಕ್ಕಾಲು ಭಾಗ ಹತ್ತಿದಾಗ ಎದುರಿಗೆ ದೇವರಾಜ್ ಬಂದ. ಪೇಟೆಯಿಂದ ಬಂದವನು ಜಗಲಿಯಲ್ಲಿ ಬಿದ್ದಿದ್ದ ಹೂ ಕಂಡನಂತೆ. ಬಗ್ಗಿ ಮಚ್ಚಿನ ಹತ್ತಿರ ಕೈ ಒಯ್ದು, ಅದರ ಮೇಲಿನ ಹೂ ನೋಡಿ, ಕೈ ಹಿಂದಕ್ಕೆ ತೆಗೆದುಕೊಂಡನಂತೆ. ಆಮೇಲೆ ಬರಿಗೈಯಲ್ಲೇ ದಾರಿಗಿಳಿದ. ಬಂದು ನಡುವೆ ನಿಂತ. ಯೋಗಣ್ಣ ಬ್ರೇಕು ತುಳಿದ. ಗಾಡಿ ಮುಲುಗುಟ್ಟಿ ನಿಂತಿತು.

ಇಬ್ಬರ ನಡುವೆ ಒಂದು ಮಾರು ಜಾಗ. ದೇವರಾಜನ ಕಣ್ಣು ಯೋಗಣ್ಣನ ಮಣಿಕಟ್ಟಿನ ಮೇಲಿತ್ತು.

"ವಾಚ್ ಬಿಚ್ಚಾಕಿಲ್ವೇನ್ಲಾ?"

"ಅಬ್ಬ ಇವತ್ತು. ದಾರಿ ಬುಡು ದ್ಯಾವ. ಇದೇ ಕೊನೇದು."

"ಅಬ್ಬ ಅಂತ ನಿಂಗೂ ಗೊತ್ತಾ? ಅಜ್ಜಿ ಇಟ್ಟ ಊವ ಕಿತ್ತಾಕ್ತೀಯ, ನಂಗ್ ಅಬ್ಬ ಏಳ್ತೀಯ. ನಾನ್ ಮಚ್ಚ್ ಮುಟ್ನಿಲ್ಲ ಕಣ್ಲಾ. ನಿನ್ ಆಯುಧ ನೀನ್ ಯಾಕ್ ಎತ್ತ್ದೆ?"

ಯೋಗಣ್ಣ ಗಾಡಿ ಆಯುಧವಲ್ಲ ಎಂದು ಹೇಳಲು ಬಾಯಿ ತೆರೆದ. ದೇವರಾಜನ ಪಂಚೆ ಗಾಳಿಗೆ ಸರಿದು ತೊಡೆಯ ಮೇಲಿನ ಉದ್ದದ ಗಾಯದ ಗುರುತು ಕಾಣುತ್ತಿತ್ತು, ಈ ಗಾಡಿಯೇ ಹಾರಿಸಿ ಸೀಳಿಸಿದ್ದು. ಅವನು ಬಾಯಿ ಮುಚ್ಚಿದ. ಬ್ರೇಕನ್ನು ಇನ್ನೂ ಬಲವಾಗಿ ತುಳಿದ. ಹಿಂದೆ ಕಾಯಿಯ ಭಾರ ಎಳೆಯುತ್ತಿತ್ತು.

"ಸರ್ಕಂಡ್ ನಿಂತ್ಕೋ," ಎಂದ ಮೆಲ್ಲಗೆ. "ಬ್ರೇಕ್ ತಡೆಯಾಕಿಲ್ಲ."

ದೇವರಾಜ್ ಎಲ್ಲಿಗೆ ಸರಿದಾನು? ಓರೆಯಾಗಿ ನಿಂತರೂ ಗಾಡಿ ಹೋಗುವಷ್ಟು ಜಾಗವಿರಲಿಲ್ಲ. ಅವನು ತಂತಿಯನ್ನೊಮ್ಮೆ ನೋಡಿದ, ಗಾಡಿಯನ್ನೊಮ್ಮೆ ನೋಡಿದ, ಹಿಂದಕ್ಕೆ ಹೆಜ್ಜೆ ಇಡಲು ಕಾಲೆತ್ತಿದ. ಆ ಹೊತ್ತಿಗೆ ಬ್ರೇಕಿನ ತಂತಿ ಕಡಿಯಿತು.

ಯೋಗಣ್ಣನ ಕಾಲು ಆಕ್ಸಿಲರೇಟರ್ ಮೇಲೆ ಹೋಯಿತು. ಒತ್ತಿದ್ದರೆ ಗಾಡಿ ಮುಂದಕ್ಕೆ ಹಾರುತ್ತಿತ್ತು. ಮೆಲ್ಲಗೆ ಹೋಗುವುದು ಅದಕ್ಕೆ ಗೊತ್ತಿರಲಿಲ್ಲ. ಮುಂದೆ, ಒಂದು ಮಾರು ದೂರದಲ್ಲಿ, ದೇವರಾಜನ ಹೊಟ್ಟೆ ಇತ್ತು. ಅವನು ಕಾಲು ತೆಗೆದುಬಿಟ್ಟ.

ಗಾಡಿ ಹಿಂದಕ್ಕೆ ಜಾರಿತು. ದೇವರಾಜ್ ಮುಂದೆ ಬಿದ್ದು ಅದರ ಕಂಬಿ ಹಿಡಿದ. ಮುರಿದು ಕೂಡಿದ ಹೆಗಲು ಮತ್ತೆ ಕಿತ್ತುಬಂತು. ಬಿಡದೆ ಮೊಣಕಾಲ ಮೇಲೆ ಎಳೆಸಿಕೊಂಡು ಹೋದ. ಚಕ್ರದ ಹಿಂದೆ ಒಂದು ಕಲ್ಲು ಇಟ್ಟಿದ್ದರೆ ನಿಲ್ಲುತ್ತಿತ್ತು. ಇಡಲು ಗಾಡಿಯನ್ನು ದಾಟಿ ಹೋಗಬೇಕು, ಅದಕ್ಕೆ ಜಾಗವಿಲ್ಲ. ಯೋಗಣ್ಣ ಹಾರಬೇಕೆಂದರೂ ಎಡಕ್ಕೆ ತಂತಿ, ಬಲಕ್ಕೆ ತಂತಿ. ಎಡಗೈಯ ಮೂರು ಬೆರಳಲ್ಲಿ ಸ್ಟಿಯರಿಂಗ್ ತಿರುಗಿಸಿ ಗಾಡಿಯನ್ನು ಕಂಬಕ್ಕೆ ಕೊಟ್ಟು ನಿಲ್ಲಿಸಲು ನೋಡಿದ. ಹಿಂದಿನ ಚಕ್ರ ಕಂಬಕ್ಕೆ ಬಡಿಯಿತು. ಕಂಬ ಬುಡದಲ್ಲಿ ಮುರಿದು ಬಿತ್ತು. ಗಾಡಿ ಮಗುಚಿತು. ಕಾಯಿಯೂ ಬ್ಯಾಟರಿಗಳೂ ಅವನ ಮೇಲೆ ಬಂದವು. ಅವನು ಮುರಿದ ಕಂಬಕ್ಕೂ ಗಾಡಿಗೂ ನಡುವೆ ಸಿಕ್ಕಿದ್ದ. ಸಡಿಲಾದ ಮುಳ್ಳುತಂತಿ ಎದೆಗೂ ಕುತ್ತಿಗೆಗೂ ಸುತ್ತಿಕೊಂಡು, ಆಚೆ ಕಂಬದಿಂದ ಇನ್ನೂ ಬಿಗಿಯಾಗಿ ಎಳೆಯುತ್ತಿತ್ತು.

ದೇವರಾಜ್ ಬರಿಗೈಯಲ್ಲಿ ತಂತಿ ಎಳೆದ. ಅಂಗೈ ಹರಿಯಿತು, ತಂತಿ ಬರಲಿಲ್ಲ. ಮಚ್ಚು ತನ್ನಿ ಎಂದು ಕೂಗಿದ. ರಸ್ತೆಯಲ್ಲಿದ್ದವರು ಜಗಲಿಗೆ ಓಡಿದರು, ಓಡಿ ಅಲ್ಲೇ ನಿಂತರು. ಊರಿನ ಕಬ್ಬಿಣವೆಲ್ಲ ಆ ದಿನ ಹೂವಿನ ಕೆಳಗಿತ್ತು. ಒಬ್ಬರ ಮುಖ ಒಬ್ಬರು ನೋಡಿದರು. ಗಲಾಟೆಗೆ ಎದ್ದು ಬಂದ ಮುದ್ದಮ್ಮ ಒಂದು ಸಲ ಕೇಳಿದಳು, ಏನಾಯಿತು ಎಂದು. ಉತ್ತರ ಪೂರ್ತಿ ಕೇಳಲಿಲ್ಲ. ಬಗ್ಗಿ, ಹೂವನ್ನು ಅಂಗಳಕ್ಕೆ ಎಸೆದು, ಮಚ್ಚನ್ನು ಕೈಗೆ ಸಿಕ್ಕವನ ಕೈಗೆ ತುರುಕಿದಳು. "ಓಡ್ಲಾ ನನ್ ಮಗನೆ," ಎಂದಳು.

ದೇವರಾಜ್ ಅದೇ ಮಚ್ಚಿನಿಂದ ತಾನೇ ಎಳೆದಿದ್ದ ತಂತಿ ಕಡಿದ. ಕಂಬದ ಮೇಲಿಟ್ಟು ಒಂದೊಂದೇ ಎಳೆ ಜಜ್ಜಿ ಕಡಿಯಬೇಕಾಯಿತು. ಗಾಡಿ ಎತ್ತಿ ಯೋಗಣ್ಣನನ್ನು ಹೊರಗೆಳೆದಾಗ ಅವನ ಕಣ್ಣು ತೆರೆದಿತ್ತು. ಯಾರನ್ನು ನೋಡುತ್ತಿದ್ದನೋ ತಿಳಿಯಲಿಲ್ಲ. ಗಡಿಯಾರ ಕೈಯಲ್ಲೇ ಇತ್ತು, ಓಡುತ್ತಿತ್ತು. ಏರು ಹತ್ತಿಸಿ ರಸ್ತೆಗೆ ತರುವಷ್ಟರಲ್ಲಿ ಅವನು ಹೋಗಿದ್ದ.

ಪೊಲೀಸರು ಬಂದಾಗ ದೇವರಾಜ್ ಕೇಳದೆಯೇ ಹೇಳಿದ, ಅಡ್ಡ ನಿಂತವನು ನಾನು ಎಂದು. "ಒತ್ತಬೋದಿತ್ತು ಸಾ ಅವ್ನು. ಕಾಲ್ ಇಟ್ಟಿದ್ದ ನೋಡ್ದೆ. ತಗುದ್ಬುಟ್ಟ," ಎಂದ. ಇದನ್ನೇ ಮತ್ತೆ ಮತ್ತೆ ಹೇಳಿದ. ಮಣ್ಣಾಗುವ ತನಕ ಅವನನ್ನು ಬಿಟ್ಟಿರಿ ಎಂದು ರೂಪಶ್ರೀಯೇ ಕೇಳಿಕೊಂಡಳು. ಯಾಕೆಂದು ಆಗ ಯಾರಿಗೂ ಗೊತ್ತಾಗಲಿಲ್ಲ.

ಹಾಸನದಿಂದ ದೇಹ ಬಂದದ್ದು ವಿಜಯದಶಮಿಯ ಮಧ್ಯಾಹ್ನ. ಅವರ ಕಡೆ ಸತ್ತವರನ್ನು ಅವರವರ ಹೊಲದಲ್ಲೇ ಮಣ್ಣು ಮಾಡುತ್ತಾರೆ. ಯೋಗಣ್ಣನ ಅಪ್ಪ, ಅವ್ವ ಇಬ್ಬರೂ ಹಳ್ಳದ ಪಕ್ಕದ ತೋಟದಲ್ಲೇ ಇದ್ದಾರೆ. ದಾರಿಯ ತುಂಬ ಚೆಲ್ಲಿದ್ದ ಕಾಯಿ ತೆಗೆಯದೆ ಯಾರೂ ಕೆಳಗಿಳಿಯುವ ಹಾಗಿರಲಿಲ್ಲ. ಊರಿನವರು ಕೈಗೆ ಸಿಕ್ಕಷ್ಟು ಹೊತ್ತು ಮೇಲೆ ತಂದು ರಸ್ತೆಯ ಪಕ್ಕ ಹಾಕಿದರು. ಸಂಜೆಯ ಹೊತ್ತಿಗೆ ಕೆಳಗೆ ಒಂದು ಕಾಯಿಯೂ ಉಳಿಯಲಿಲ್ಲ. ಶಶಿಕಿರಣ್ ಕಡಿದ ಬ್ರೇಕಿನ ತಂತಿಯ ತುದಿ ಹಿಡಿದುಕೊಂಡು ಬದಿಗೆ ಕೂತಿದ್ದ.

ಚಟ್ಟಕ್ಕೆ ನಾಲ್ಕು ಜನ ಹೆಗಲು ಕೊಟ್ಟರು. ಮುಂದೆ ಇಬ್ಬರು, ಹಿಂದೆ ಇಬ್ಬರು, ನಡುವೆ ಚಟ್ಟ. ದಾರಿಯ ಬಾಯಿಗೆ ಬಂದಾಗ ನಿಂತುಬಿಟ್ಟರು. ಇಬ್ಬರ ಅಗಲದ ದಾರಿಯಲ್ಲಿ ಅದು ಹೋಗುವುದಿಲ್ಲ. ದೇವರಾಜ್ ಜಗಲಿಗೆ ಹೋಗಿ ಹಾರೆ ತಂದ. ಅದರ ಮೇಲೆ ಕುಂಕುಮ ಹಾಗೇ ಇತ್ತು. ಬಟ್ಟೆ ಸುತ್ತಿದ ಕೈಗಳಿಂದ, ಒಂದೇ ಹೆಗಲಿನ ಬಲದಿಂದ, ತುದಿಯ ಕಂಬ ಎಬ್ಬಿಸಿದ. ಆಮೇಲೆ ತಿರುವಿನಲ್ಲಿ ಇನ್ನೆರಡು. ಇಷ್ಟು ಸಾಕು, ಚಟ್ಟ ಓರೆ ಮಾಡಿಕೊಂಡು ಇಳಿಸಬಹುದು ಎಂದು ಯಾರೋ ಹಿರಿಯರು ಹೇಳಿದರು. ಹೊತ್ತವರು ಹೆಜ್ಜೆ ಎತ್ತಿದರು.

ರೂಪಶ್ರೀ ಚಟ್ಟದ ಮುಂದೆ ಬಂದು ನಿಂತಳು. ಅವಳು ಅಳುತ್ತಿರಲಿಲ್ಲ.

"ಎಲ್ಲಾ ಕೀಳಿ ಬಾವ," ಎಂದಳು. "ಬಂಡಿ ಓಗೋವಷ್ಟು. ಅಲ್ಲೀಗಂಟ ಇವ್ರು ಇಲ್ಲೇ ಇರ್ತಾರೆ."

ಹೊತ್ತವರು ಚಟ್ಟವನ್ನು ರಸ್ತೆಯಲ್ಲೇ ಇಳಿಸಿದರು. ಮುದ್ದಮ್ಮ ಅದರ ತಲೆದೆಸೆಗೆ ನೆಲದ ಮೇಲೆ ಕೂತಳು. ದೇವರಾಜ್ ಒಮ್ಮೆ ಕೆಳಗಿನ ತೋಟದವರೆಗೂ ಸಾಲಾಗಿ ನಿಂತಿದ್ದ ಕಂಬಗಳನ್ನು ನೋಡಿದ. ಆಮೇಲೆ ಹಾರೆಯನ್ನು ಮುಂದಿನ ಕಂಬದ ಬುಡಕ್ಕೆ ಕೊಟ್ಟ.